ಹಗರಿಯ ಮರಳು, ಹಟ್ಟಿಯ ಕುರಿ

ರಾಯದುರ್ಗದ ಉತ್ತರಕ್ಕೆ, ಕಣೇಕಲ್ಲು ಮತ್ತು ಬೊಮ್ಮನಹಾಳದ ಹೊಲಗಳ ಅಂಚಿನಲ್ಲಿ ಮರಳುದಿಬ್ಬಗಳು ಎದ್ದು ನಿಂತಿವೆ. ಸಮುದ್ರ ಇಲ್ಲಿಂದ ಬಹುದೂರ. ಈ ಮರಳು ಬಂದಿರುವುದು ಹಗರಿಯಿಂದ, ಅಂದರೆ ವೇದಾವತಿಯಿಂದ. ವರ್ಷದ ಬಹುಪಾಲು ಒಣಗಿರುವ ಹೊಳೆಯ ಪಾತ್ರವನ್ನು ಆಷಾಢದ ಪಡುವಣ ಗಾಳಿ ಕೆದರಿ ಹೊಲಕ್ಕೆ ಸುರಿಯುತ್ತದೆ. ಮೇಲ್ಗಡೆ ಮಾರಿಕಣಿವೆಯಲ್ಲಿ 1907ರಲ್ಲಿ ವಾಣಿವಿಲಾಸ ಸಾಗರ ಕಟ್ಟಿ ಮುಗಿದ ಮೇಲೆ ಕೆಳಗಿನ ಹರಿವು ಇನ್ನೂ ತೆಳುವಾಯಿತು.

ಆದರೂ ಈ ಸೀಮೆಯನ್ನು ಮರುಭೂಮಿಯ ಹತ್ತಿರಕ್ಕೆ ತಂದದ್ದು ಮರಳಿಗಿಂತ ಮಳೆಯ ಕೊರತೆ. ರಾಯದುರ್ಗವಿರುವ ಅನಂತಪುರ ಜಿಲ್ಲೆಯ ಸರಾಸರಿ ಮಳೆ ವರ್ಷಕ್ಕೆ ಸುಮಾರು 550 ಮಿ.ಮೀ. ಮುಂಗಾರನ್ನು ಸಹ್ಯಾದ್ರಿ ತಡೆಯುತ್ತದೆ. ಹಿಂಗಾರು ಇಲ್ಲಿಗೆ ಮುಟ್ಟುವಷ್ಟರಲ್ಲಿ ಸೋತಿರುತ್ತದೆ. ಬೇಸಾಯವನ್ನೇ ನಂಬಿ ಒಂದೆಡೆ ಕೂತವರನ್ನು 1876–78ರ ಧಾತು ಬರ ಹಸಿವಿಗೆ ನೂಕಿತು. ಇಂಥ ನೆಲದಲ್ಲಿ ಹುಲ್ಲಿರುವ ಕಡೆಗೆ ನಡೆದು ಹೋಗುವುದು ಅಲೆಮಾರಿತನ ಎನ್ನುವುದಕ್ಕಿಂತ ಲೆಕ್ಕಾಚಾರ ಎಂದರೆ ಸರಿ.

ಆ ಲೆಕ್ಕ ಬಲ್ಲವರು ಮೂರು ಬಗೆಯ ಜನ. ರಾಯದುರ್ಗ, ಮೊಳಕಾಲ್ಮೂರು, ಚಳ್ಳಕೆರೆಯ ಮ್ಯಾಸನಾಯಕರು ದನ ಕಾಯ್ದವರು. ಅವರು ದೇವರ ಎತ್ತುಗಳನ್ನು ಸಾಕುತ್ತಾರೆ, ಅವನ್ನು ಕಾಯುವವನು ಕಿಲಾರಿ. ಕೋಳಿ ಅವರಿಗೆ ನಿಷಿದ್ಧ. ಮಡಕಶಿರಾ, ಪಾವಗಡ, ಸಿರಾದ ಕಡೆ ಕಾಡುಗೊಲ್ಲರ ಹಟ್ಟಿಗಳು. ಹಟ್ಟಿಯ ಸುತ್ತಲಿನ ಮುಳ್ಳುಬೇಲಿ ತೋಳವನ್ನು ಹೊರಗಿಟ್ಟಿತು; ಮುಟ್ಟಾದ ಹೆಣ್ಣನ್ನೂ ಬಾಣಂತಿಯನ್ನೂ ಹೊರಗಿಟ್ಟ ಕಟ್ಟಳೆ ಆ ಬೇಲಿಗಿಂತ ಗಟ್ಟಿಯಾಗಿತ್ತು. ಮೂರನೆಯವರು ಬೀರಪ್ಪ ದೇವರ ಒಕ್ಕಲಾದ ಕುರುಬರು. ದೂರದ ನಡಿಗೆ ಹೆಚ್ಚಾಗಿ ಇವರದೇ.

ಸುಗ್ಗಿ ಮುಗಿದು ಹೊಲ ಬಯಲಾಗುತ್ತಿದ್ದಂತೆ ಕುರಿಗಳು ಹಟ್ಟಿ ಬಿಡುತ್ತಿದ್ದವು. ದಾರಿ ತುಂಗಭದ್ರೆಯ ಬಯಲಿಗೆ, ಇಲ್ಲವೇ ಮಲೆನಾಡಿನ ಸೆರಗಿನತ್ತ. ಮಳೆ ಬಿದ್ದ ಸುದ್ದಿ ಕೇಳಿದ ಮೇಲೆ ವಾಪಸು. ನಡೆಯಲಾರದ ಮರಿಗಳು ಕತ್ತೆಯ ಬೆನ್ನೇರಿದರೆ ಪಾತ್ರೆ, ಹಿಟ್ಟು, ಹಾಸಿಗೆಯೂ ಅಲ್ಲೇ. ರಾತ್ರಿ ಯಾರದೋ ಹೊಲದಲ್ಲಿ ಮಂದೆ ತರುಬಿದರೆ ಬೆಳಗಿನ ಹೊತ್ತಿಗೆ ಹಿಕ್ಕೆ, ಗಂಜಲ ಮಣ್ಣು ಸೇರಿರುತ್ತಿತ್ತು. ರೈತ ಅದಕ್ಕೆ ಕಾಳು ಕೊಡುತ್ತಿದ್ದ. ಹುಲ್ಲಿಗೆ ಕುರುಬ ಬೇಡಬೇಕಿರಲಿಲ್ಲ, ಗೊಬ್ಬರಕ್ಕೆ ರೈತನೇ ಅವನನ್ನು ಕಾಯಬೇಕಿತ್ತು. ಮಂದೆಗೆ ಆಗಿನ ಮರ್ಯಾದೆ ಬಂದದ್ದು ಇದರಿಂದ.

ಉಣ್ಣೆಯದು ಇನ್ನೊಂದು ಆದಾಯ. ಬಳ್ಳಾರಿ ತಳಿಯ ಒರಟು ಕರಿ ಉಣ್ಣೆಯನ್ನು ಹೆಂಗಸರು ನೂಲುತ್ತಿದ್ದರು, ಗಂಡಸರು ಗುಳಿಮಗ್ಗದಲ್ಲಿ ನೇಯುತ್ತಿದ್ದರು. ಹುಣಸೆಬೀಜದ ಸರಿ ಹಚ್ಚಿ ಬಿಗಿಮಾಡಿದ ಕಂಬಳಿ ಮಳೆಗೆ ಕೊಪ್ಪೆ, ಚಳಿಗೆ ಹೊದಿಕೆ, ಪೂಜೆಗೆ ಗದ್ದುಗೆ. ಇದೇ ಕಂಬಳಿ ತೆಲುಗಿನಲ್ಲಿ ಗೊಂಗಡಿ. ಎರಡು ಹೆಸರೂ ಗೊತ್ತಿರುವ ಕುರುಬರು ಇಲ್ಲಿ ಅಪರೂಪವಲ್ಲ.

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆ ಒಡೆಯಿತು. ಆದೋನಿ, ಆಲೂರಿನೊಂದಿಗೆ ರಾಯದುರ್ಗವೂ ಆಂಧ್ರಕ್ಕೆ ಹೋಯಿತು, ಉಳಿದ ಬಳ್ಳಾರಿ ಮೈಸೂರಿಗೆ ಬಂತು. ಮಡಕಶಿರಾ ಮೊದಲೇ ಅನಂತಪುರದಲ್ಲಿತ್ತು. 2022ರಿಂದ ಅದು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಗಡಿಯ ಆಚೀಚೆ ಅನೇಕರ ಮನೆಮಾತು ಕನ್ನಡವಾಗಿಯೇ ಉಳಿಯಿತು, ಕುರಿಗಳೂ ಹಳೆಯ ದಾರಿಯಲ್ಲೇ ನಡೆದವು.

ದಾರಿಗೆ ತೊಡಕಾದದ್ದು ಬೇರೆ. ಕೊಳವೆಬಾವಿ ಬಂದ ಹೊಲದಲ್ಲಿ ಬೀಳು ಉಳಿಯಲಿಲ್ಲ, ಸರ್ಕಾರಿ ಗೊಬ್ಬರದ ಚೀಲ ಬಂದ ಮೇಲೆ ಹಿಕ್ಕೆಯ ಬೆಲೆ ಇಳಿಯಿತು, ಗೋಮಾಳ ಕಿರಿದಾಯಿತು. ಖಾಲಿ ಉಳಿದ ನೆಲವನ್ನು ಹೊರದೇಶದಿಂದ ಬಂದ ಬಳ್ಳಾರಿ ಜಾಲಿ ಆಕ್ರಮಿಸಿತು. ಬೇಸಗೆಯಲ್ಲಿ ಬೇರೇನೂ ಸಿಗದಾಗ ಕುರಿಗಳು ಅದರ ಸಿಹಿ ಕಾಯಿ ತಿನ್ನುತ್ತವೆ. ಜೀರ್ಣವಾಗದ ಬೀಜ ಹಿಕ್ಕೆಯೊಂದಿಗೆ ಮಂದೆ ತರುಬಿದ ಹೊಲಕ್ಕೇ ಬೀಳುತ್ತದೆ. ಮುಂದಿನ ಮಳೆಗೆ ಅಲ್ಲೇ ಜಾಲಿ ಮೊಳೆಯುತ್ತದೆ.