ಪಾಸ್‌ವರ್ಡ್‌ನಿಂದ ಹೊಣೆಗಾರಿಕೆಗೆ: ಸ್ಮಾರ್ಟ್ ಸಾಧನಗಳ ಭದ್ರತೆ ನಡೆದುಬಂದ ದಾರಿ

ಮನೆಯೊಳಗಿನ ವಸ್ತು ನಮ್ಮದು, ನಮ್ಮದನ್ನು ನಂಬಬಹುದು. ಇಂಟರ್ನೆಟ್ಟಿಗೆ ಜೋಡಿಸಿದ ಸಾಧನಗಳು ಬಹುಕಾಲ ಬೆಳೆದದ್ದು ಈ ಊಹೆಯ ಮೇಲೆ. 1990ರಲ್ಲಿ ಜಾನ್ ರಾಮ್‌ಕಿ ಅವರು ಟೋಸ್ಟರ್ ಒಂದನ್ನು ಇಂಟರ್ನೆಟ್ ಮೂಲಕ ನಡೆಸಿ ತೋರಿಸಿದಾಗ ಎದುರಿಗಿದ್ದದ್ದು ಜೋಡಿಸಲು ಆದೀತೇ ಎಂಬ ಪ್ರಶ್ನೆ. ಜೋಡಿಸಿದ್ದನ್ನು ನಂಬಬಹುದೇ ಎಂದು ಗಟ್ಟಿಯಾಗಿ ಕೇಳುವ ಹೊತ್ತಿಗೆ ಇಪ್ಪತ್ತು ವರ್ಷ ಕಳೆದಿತ್ತು.

ಎಚ್ಚರಿಕೆಗಳು ಒಂದರ ಹಿಂದೊಂದು ಬಂದವು. ಸ್ವತಃ ಮಧುಮೇಹಿಯಾದ ಭದ್ರತಾ ಸಂಶೋಧಕ ಜೇ ರ‍್ಯಾಡ್‌ಕ್ಲಿಫ್ 2011ರಲ್ಲಿ ತಮ್ಮ ಇನ್ಸುಲಿನ್ ಪಂಪನ್ನೇ ವೈರ್‌ಲೆಸ್ ಮೂಲಕ ವಶಕ್ಕೆ ಪಡೆಯಬಹುದೆಂದು ತೋರಿಸಿದರು. 2015ರಲ್ಲಿ ಚಾರ್ಲಿ ಮಿಲ್ಲರ್ ಮತ್ತು ಕ್ರಿಸ್ ವಾಲಸೆಕ್ ದೂರದಲ್ಲಿ ಕುಳಿತೇ ಓಡುತ್ತಿರುವ ಜೀಪಿನ ಹಿಡಿತ ತೆಗೆದುಕೊಂಡರು. ಜೀಪ್ ತಯಾರಿಸುವ ಕಂಪನಿ 14 ಲಕ್ಷ ವಾಹನಗಳನ್ನು ಸರಿಪಡಿಸಲು ವಾಪಸ್ ಕರೆಯಬೇಕಾಯಿತು. ಆದರೂ ಇವು ತಜ್ಞರ ಪ್ರಯೋಗಗಳು, ಸಾಮಾನ್ಯರಿಗೇನು ತೊಂದರೆ ಎಂಬ ಸಮಾಧಾನ ಉಳಿದಿತ್ತು.

ಆ ಸಮಾಧಾನವನ್ನು ಕೆಡಿಸಿದ್ದು 2016ರ ಮಿರಾಯ್ ಎಂಬ ಕುತಂತ್ರಾಂಶ. ಅದರ ಕೆಲಸ ತೀರಾ ಸರಳ. ಇಂಟರ್ನೆಟ್ಟಿನಲ್ಲಿ ಬಾಗಿಲು ತೆರೆದಿಟ್ಟ ಕ್ಯಾಮೆರಾ, ಡಿವಿಆರ್, ರೂಟರ್‌ಗಳನ್ನು ಹುಡುಕುವುದು. ಕಾರ್ಖಾನೆಯಲ್ಲೇ ಹಾಕಿಕೊಟ್ಟ ಬಳಕೆದಾರ ಹೆಸರು–ಪಾಸ್‌ವರ್ಡ್‌ಗಳ ಅರವತ್ತರಷ್ಟು ಜೋಡಿಗಳನ್ನು ಪ್ರಯತ್ನಿಸುವುದು. ಒಳಹೊಕ್ಕ ಮೇಲೆ ಆ ಸಾಧನದಿಂದಲೇ ಮುಂದಿನದನ್ನು ಹುಡುಕುವುದು. ಉತ್ತುಂಗದಲ್ಲಿ ಸುಮಾರು 6 ಲಕ್ಷ ಸಾಧನಗಳು ಅದರ ವಶದಲ್ಲಿದ್ದವು. ಅದೇ ವರ್ಷದ ಅಕ್ಟೋಬರ್ 21ರಂದು, ಜಾಲತಾಣಗಳ ಹೆಸರಿನಿಂದ ಅವುಗಳ ವಿಳಾಸ ಹುಡುಕಿಕೊಡುವ ಡೈನ್ ಎಂಬ ಕಂಪನಿಯ ಮೇಲೆ ಈ ಪಡೆ ಹರಿಹಾಯ್ದಾಗ ಟ್ವಿಟರ್, ನೆಟ್‌ಫ್ಲಿಕ್ಸ್, ರೆಡಿಟ್ ಅನೇಕರಿಗೆ ಗಂಟೆಗಟ್ಟಲೆ ಸಿಗಲಿಲ್ಲ. ಮಿರಾಯ್ ಬರೆದು ತಪ್ಪೊಪ್ಪಿಕೊಂಡ ಮೂವರು ಇಪ್ಪತ್ತರ ಆಸುಪಾಸಿನ ಹುಡುಗರು; ಅವರ ಹೊಂಚು ಶುರುವಾದದ್ದು ಮೈನ್‌ಕ್ರಾಫ್ಟ್ ಆಟದ ಸರ್ವರ್‌ಗಳ ವ್ಯವಹಾರದ ಸುತ್ತ.

ಪಾಸ್‌ವರ್ಡ್ ಬದಲಿಸದ ಗ್ರಾಹಕನೇ ತಪ್ಪಿತಸ್ಥ ಎಂಬ ಮಾತು ಆಗ ಬಹಳ ಕೇಳಿಬಂತು. ಅದು ಅನ್ಯಾಯದ ಮಾತು. ಕೆಲವು ಕ್ಯಾಮೆರಾಗಳಲ್ಲಿ ಒಳಗಿನ ಪಾಸ್‌ವರ್ಡ್ ಫರ್ಮ್‌ವೇರ್‌ನಲ್ಲೇ ಅಚ್ಚಾಗಿತ್ತು. ಮಾಲೀಕ ಸೆಟ್ಟಿಂಗ್ಸ್‌ಗೆ ಹೋಗಿ ಎಷ್ಟು ಬದಲಿಸಿದರೂ ಅದು ಹಾಗೇ ಉಳಿಯುತ್ತಿತ್ತು. ತನಗೆ ಕೊಡದ ಬೀಗದ ಕೈಗೆ ಅವನು ಹೇಗೆ ಹೊಣೆಯಾದಾನು? ಈ ಕ್ಷೇತ್ರದ ಮುಂದಿನ ಇತಿಹಾಸವೆಲ್ಲ ಹೊಣೆಯನ್ನು ಕೊಂಡವನ ಹೆಗಲಿನಿಂದ ಇಳಿಸಿ ತಯಾರಿಸಿದವನ ಹೆಗಲಿಗೆ ದಾಟಿಸುವ ಪ್ರಯತ್ನ ಎಂದೇ ನಾನು ಓದುತ್ತೇನೆ.

ತಂತ್ರಜ್ಞಾನದ ಕಡೆಯಿಂದ ಬಂದ ಉತ್ತರ, ಸಾಧನ ಹುಟ್ಟುವಾಗಲೇ ಅದಕ್ಕೊಂದು ಗುರುತು ಕೊಡುವುದು. ಚಿಪ್‌ನಲ್ಲಿ ಪ್ರತ್ಯೇಕ ಕೀ ಇಟ್ಟು, ಆನ್ ಆಗುವಾಗ ಕಂಪನಿಯ ಡಿಜಿಟಲ್ ಸಹಿಯಿರುವ ತಂತ್ರಾಂಶವನ್ನಷ್ಟೇ ನಡೆಸುವುದು, ಅಪ್‌ಡೇಟ್ ಬಂದರೂ ಸಹಿ ನೋಡಿಯೇ ಒಳಗೆ ಬಿಡುವುದು. ಇದರಲ್ಲೂ ಅಡ್ಡದಾರಿ ಹಿಡಿದರೆ ಏನಾಗುತ್ತದೆಂದು 2016ರಲ್ಲೇ ಗೂಢಲಿಪಿ ತಜ್ಞ ಆದಿ ಶಮೀರ್ ಮತ್ತು ಸಂಗಡಿಗರು ಫಿಲಿಪ್ಸ್ ಹ್ಯೂ ಬಲ್ಬುಗಳಲ್ಲಿ ತೋರಿಸಿದ್ದರು. ಬಲ್ಬು ಬಳಸುವ ವಿದ್ಯುತ್ತಿನ ಸಣ್ಣ ಏರಿಳಿತಗಳನ್ನು ಅಳೆದು, ಅಪ್‌ಡೇಟ್ ಅಸಲಿಯೇ ಎಂದು ಪರೀಕ್ಷಿಸುವ ಗುಟ್ಟಿನ ಕೀಯನ್ನೇ ಹೊರತೆಗೆದರು. ಅನೇಕ ಬಲ್ಬುಗಳಿಗೆ ಒಂದೇ ಕೀ ಇದ್ದುದರಿಂದ ಒಂದು ಸಿಕ್ಕರೆ ಉಳಿದವೂ ಸಿಕ್ಕಂತೆ. 2022ರಲ್ಲಿ ಮನೆಯ ಸ್ಮಾರ್ಟ್ ಸಾಧನಗಳಿಗಾಗಿ ಬಂದ ಮ್ಯಾಟರ್ ಮಾನದಂಡದಲ್ಲಿ ಪ್ರತಿ ಸಾಧನಕ್ಕೂ ತನ್ನದೇ ಪ್ರಮಾಣಪತ್ರವಿದ್ದು, ಮನೆಯ ಜಾಲಕ್ಕೆ ಸೇರುವಾಗ ಅದನ್ನು ಪರೀಕ್ಷಿಸಲಾಗುತ್ತದೆ.

ಕಾನೂನು ತಡವಾಗಿ ಬಂತು. ಇಂಥ ಸಾಧನಗಳ ಭದ್ರತೆಯ ಬಗೆಗಿನ ಕ್ಯಾಲಿಫೋರ್ನಿಯಾದ ಕಾಯ್ದೆ 2020ರ ಜನವರಿಯಿಂದ ಜಾರಿಯಾಯಿತು. 2024ರ ಏಪ್ರಿಲ್ 29ರಿಂದ ಬ್ರಿಟನ್‌ನಲ್ಲಿ ಎಲ್ಲ ಸಾಧನಗಳಿಗೂ ಒಂದೇ ಪಾಸ್‌ವರ್ಡ್ ಹಾಕಿ ಮಾರುವುದು ಕಾನೂನುಬಾಹಿರ. ಯುರೋಪಿನ ಸೈಬರ್ ರೆಸಿಲಿಯನ್ಸ್ ಕಾಯ್ದೆಯ ಮುಖ್ಯ ನಿಯಮಗಳು 2027ರ ಡಿಸೆಂಬರ್‌ನಿಂದ ಅನ್ವಯಿಸುತ್ತವೆ.

ನಮ್ಮಲ್ಲಿ ಆದದ್ದು ತಲೆಕೆಳಗು. ಜನ ಸೇರುವ ಕಟ್ಟಡಗಳಲ್ಲಿ ಸಿಸಿಟಿವಿ ಇಡಬೇಕೆಂದು ಕರ್ನಾಟಕ 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆಯಲ್ಲೇ ಹೇಳಿತು. ಆ ಕ್ಯಾಮೆರಾ ತಾನೇ ಸುರಕ್ಷಿತವಾಗಿರಬೇಕು, ಅದರ ಹಾರ್ಡ್‌ವೇರ್, ತಂತ್ರಾಂಶ ಎರಡೂ ಪ್ರಯೋಗಾಲಯದ ಪರೀಕ್ಷೆಯಲ್ಲಿ ಪಾಸಾಗಬೇಕು ಎಂಬ ಕೇಂದ್ರದ ನಿಯಮ ಜಾರಿಗೆ ಬಂದದ್ದು 2025ರ ಏಪ್ರಿಲ್‌ನಲ್ಲಿ. ನಡುವಿನ ವರ್ಷಗಳಲ್ಲಿ ಅಂಗಡಿ, ಹಾಸ್ಟೆಲ್, ಅಪಾರ್ಟ್‌ಮೆಂಟುಗಳ ಗೋಡೆ ಏರಿದ ಕ್ಯಾಮೆರಾಗಳು ಈ ಪರೀಕ್ಷೆ ಕಂಡವಲ್ಲ, ಮತ್ತು ಅವುಗಳಲ್ಲಿ ಬಹಳಷ್ಟು ಇನ್ನೂ ನೋಡುತ್ತಲೇ ಇವೆ.

ಬಗೆಹರಿಯದೆ ಉಳಿದಿರುವುದು ಕಾಲದ ಪ್ರಶ್ನೆ. ಫ್ರಿಜ್ ಹತ್ತು ವರ್ಷ ಬಾಳುತ್ತದೆ, ಅದರ ತಂತ್ರಾಂಶಕ್ಕೆ ಅಪ್‌ಡೇಟ್ ಎಷ್ಟು ವರ್ಷ? ಯುರೋಪು ಸಾಮಾನ್ಯವಾಗಿ ಕನಿಷ್ಠ ಐದು ವರ್ಷ ಎನ್ನುತ್ತದೆ. ಬ್ರಿಟನ್, ಎಷ್ಟಾದರೂ ಸರಿ, ಮೊದಲೇ ಹೇಳಿ ಎನ್ನುತ್ತದೆ. ಮಾತ್ರೆಯ ಪಟ್ಟಿಯ ಮೇಲೆ ಅವಧಿ ಮುಗಿಯುವ ದಿನಾಂಕ ಇರುವಂತೆ, ಇಲ್ಲಿ ಮಾರುವ ಪ್ರತಿ ಸ್ಮಾರ್ಟ್ ಸಾಧನದ ಡಬ್ಬಿಯ ಮೇಲೂ ಅಪ್‌ಡೇಟ್ ನಿಲ್ಲುವ ದಿನಾಂಕವನ್ನು ಕನ್ನಡದಲ್ಲೇ ಅಚ್ಚುಹಾಕಿಸಬೇಕು. ಅದಕ್ಕೆ ಹೊಸ ಸಂಶೋಧನೆ ಏನೂ ಬೇಕಿಲ್ಲ, ಸರ್ಕಾರದ ಒಂದು ಆದೇಶ ಸಾಕು.