ಮಂಗಳೂರಿನ ಅಶು, ಕೈರೋದ ಕಾಗದ

ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಉತ್ಖನನ ನಡೆದಾಗ ದೊರೆತ ರೋಮನ್ ನಾಣ್ಯಗಳು ಹೊರದೇಶಗಳೊಡನೆ ಕನ್ನಡ ನಾಡಿಗಿದ್ದ ವ್ಯಾಪಾರದ ನಂಟನ್ನು ಸಾರುತ್ತವೆ. ಆದರೆ ವ್ಯಾಪಾರಿಯ ಮನೆ, ಮದುವೆ, ಮಕ್ಕಳ ವಿಷಯವನ್ನು ನಾಣ್ಯ ಹೇಳಲಾರದು. ಅಂಥ ಒಂದು ಸಂಸಾರ ಹನ್ನೆರಡನೆಯ ಶತಮಾನದಲ್ಲಿ ಮಂಗಳೂರಿನಲ್ಲಿತ್ತು. ಅದರ ಕಥೆ ಉಳಿದದ್ದು ಮಾತ್ರ ದೂರದ ಕೈರೋದಲ್ಲಿ.

ದೇವರ ಹೆಸರಿರುವ ಬರಹವನ್ನು ಯೆಹೂದಿಗಳು ನಾಶಮಾಡುವುದಿಲ್ಲ. ಮಣ್ಣಿನಲ್ಲಿ ಹೂಳುವ ತನಕ ‘ಗೆನೀಜಾ’ ಎಂಬ ಕೋಣೆಯಲ್ಲಿ ಇಡುವುದು ಸಂಪ್ರದಾಯ. ಹಳೆಯ ಕೈರೋದ ಬೆನ್ ಎಜ್ರಾ ಪ್ರಾರ್ಥನಾ ಮಂದಿರದಲ್ಲಿ ಹೀಗೆ ಶತಮಾನಗಳ ಕಾಗದ ರಾಶಿಬಿದ್ದಿತ್ತು. 1896-97ರಲ್ಲಿ ಸೊಲೊಮನ್ ಷೆಕ್ಟರ್ ಅದರ ದೊಡ್ಡ ಪಾಲನ್ನು ಕೇಂಬ್ರಿಜ್‌ಗೆ ಸಾಗಿಸಿದರು. ಮುಂದೆ ಎಸ್.ಡಿ. ಗೊಯಿಟೀನ್ ಈ ಚೂರುಗಳನ್ನು ಜೋಡಿಸಿ ಓದಿದಾಗ ಅಬ್ರಹಾಂ ಬೆನ್ ಯಿಜು ಎಂಬ ವರ್ತಕನ ಬದುಕು ಸ್ಪಷ್ಟವಾಯಿತು.

ಟ್ಯುನೀಸಿಯಾದ ಮಹ್ದಿಯಾ ಪಟ್ಟಣದ ಈತ ಏಡನ್ ಮಾರ್ಗವಾಗಿ ಬಂದು ಸುಮಾರು 17 ವರ್ಷ ಈ ಕರಾವಳಿಯಲ್ಲಿದ್ದ. ಘಟ್ಟದ ಮೇಲೆ ಆಗ ಹೊಯ್ಸಳ ವಿಷ್ಣುವರ್ಧನನ ಆಳ್ವಿಕೆ. ಮೆಣಸು, ಅಡಿಕೆ, ಕಬ್ಬಿಣ ಸಾಗಿಸುವುದರ ಜೊತೆಗೆ ಕಂಚಿನ ಪಾತ್ರೆಗಳನ್ನೂ ಮಾಡಿಸುತ್ತಿದ್ದ. ಧರ್ಮಶಾಸ್ತ್ರ ಬಲ್ಲವನಾಗಿದ್ದ ಈತ ಪದ್ಯಗಳನ್ನೂ ಬರೆದಿದ್ದಾನೆ. ಏಡನ್ನಿನ ಮಿತ್ರರು ಸಕ್ಕರೆ, ಒಣದ್ರಾಕ್ಷಿಯ ಜೊತೆ ಕಾಗದವನ್ನೂ ಉಡುಗೊರೆಯಾಗಿ ಕಳುಹಿಸುತ್ತಿದ್ದರು.

1132ರ ಅಕ್ಟೋಬರ್ 17ರಂದು ಮಂಗಳೂರಿನಲ್ಲಿ ಆತ ಅಶು ಎಂಬ ದಾಸಿಯನ್ನು ಬಿಡುಗಡೆ ಮಾಡಿ ಪತ್ರ ಬರೆದುಕೊಟ್ಟ. ಅವಳಿಗೆ ‘ಬೆರಾಖಾ’, ಅಂದರೆ ‘ಆಶೀರ್ವಾದ’, ಎಂಬ ಹೊಸ ಹೆಸರಾಯಿತು. ಇದು ಕೇವಲ ಔದಾರ್ಯದ ಮಾತಲ್ಲ. ಯೆಹೂದಿ ಶಾಸ್ತ್ರದಲ್ಲಿ ತಾಯಿಯ ಸ್ಥಾನವೇ ಮಗುವಿನ ಸ್ಥಾನ. ದಾಸಿಯ ಮಗುವೂ ದಾಸನೇ. ‘ಕೆತುಬಾ’ ಎಂಬ ವಿವಾಹ ಕರಾರುಪತ್ರದ ರಕ್ಷಣೆಯೂ ಸ್ವತಂತ್ರಳಾದ ಹೆಂಡತಿಗೆ ಮಾತ್ರ. ಹೀಗಾಗಿ ಹುಟ್ಟಲಿರುವ ಮಕ್ಕಳ ಭವಿಷ್ಯವೇ ಆ ಒಂದು ಹಾಳೆಯನ್ನು ಅವಲಂಬಿಸಿತ್ತು.

1149ರಲ್ಲಿ ಮಗ, ಮಗಳೊಡನೆ ಏಡನ್ನಿಗೆ ಮರಳಿದ ಬೆನ್ ಯಿಜು, ಮಗಳನ್ನು ತನ್ನ ಅಣ್ಣತಮ್ಮಂದಿರ ಮನೆಗೇ ಕೊಡಬೇಕೆಂದು ಅವರಿಗೆ ಪತ್ರ ಬರೆದ. ಮಗ ತೀರಿಕೊಂಡ. ಮಗಳು ಸಿತ್ತ್ ಅಲ್-ದಾರ್ 1156ರಲ್ಲಿ ಹಳೆಯ ಕೈರೋದಲ್ಲಿ ಚಿಕ್ಕಪ್ಪನ ಹಿರಿಯ ಮಗನ ಕೈಹಿಡಿದಳು. ಅವಳ ಹೆಸರಿನ ಅರ್ಥ ‘ಮನೆಯೊಡತಿ’. ಈ ಮಕ್ಕಳ ತಾಯಿ ಅಶುವೇ ಎಂಬುದು ವಿದ್ವಾಂಸರ ಊಹೆ.

ಲೇಖಕ ಅಮಿತಾವ್ ಘೋಷ್ 1992ರ ‘ಇನ್ ಆ್ಯನ್ ಆಂಟಿಕ್ ಲ್ಯಾಂಡ್’ ಕೃತಿಯಲ್ಲಿ ಬೆನ್ ಯಿಜುವಿನ ಆಳು ಬೊಮ್ಮನ ಜಾಡು ಹಿಡಿದು ಈ ಕಥೆಯನ್ನು ಲೋಕಕ್ಕೆ ಹೇಳಿದರು. ಬೊಮ್ಮನ ಹೆಸರಿನ ತುಳುನಾಡ ಮೂಲವನ್ನು ಅರಿಯಲು ವಿದ್ವಾಂಸ ಬಿ.ಎ. ವಿವೇಕ ರೈ ಅವರಿಗೆ ನೆರವಾದರು.

ಅಶುವಿನ ಬಿಡುಗಡೆ ಪತ್ರ ಈಗ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿದೆ. ಊರಿನ ನೆನಪಿನಲ್ಲಿ ಉಳಿಯದ ಹೆಣ್ಣೊಬ್ಬಳ ಹೆಸರನ್ನು, ದೇವರ ಹೆಸರನ್ನು ಉಳಿಸಲೆಂದು ಹುಟ್ಟಿದ ಪದ್ಧತಿಯೊಂದು ಎಂಟು ಶತಮಾನ ಕಾಪಾಡಿತು.