‘ಮ್ಯಾನ್ಲಿ’ ಎಂಬ ಪದವೂ ಹಾಲಾಡಿ ಸೀಮೆಯ ‘ಗಂಡು’ ಶಬ್ದವೂ

ವಾರಾಹಿ ನದಿಯ ತೀರದ ಹಾಲಾಡಿಯೂ ಅದರ ಸುತ್ತಣ ಕುಂದಾಪುರ ಪ್ರದೇಶವೂ ಬಡಗುತಿಟ್ಟು ಯಕ್ಷಗಾನದ ನೆಲೆಗಳಾಗಿವೆ. ಈ ಕಲೆಯನ್ನು ‘ಗಂಡುಕಲೆ’ ಎಂದು ಕರೆಯುವುದು ವಾಡಿಕೆ. ಇದನ್ನು ಇಂಗ್ಲಿಷಿನಲ್ಲಿ ‘ಮ್ಯಾನ್ಲಿ’ ಎಂಬ ವಿಶೇಷಣದಿಂದ ಹೇಳಬಹುದೆ ಎಂಬುದನ್ನು ಚರಿತ್ರೆಯ ಬೆಳಕಿನಲ್ಲಿ ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ.

ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ‘ಮ್ಯಾನ್ಲಿ’ ಎಂಬುದು ಒಂದು ಆದರ್ಶದ ಹೆಸರಾಗಿತ್ತು. ಥಾಮಸ್ ಹ್ಯೂಸನು 1857ರಲ್ಲಿ ಪ್ರಕಟಿಸಿದ ‘ಟಾಮ್ ಬ್ರೌನ್ಸ್ ಸ್ಕೂಲ್ ಡೇಸ್’ ಕಾದಂಬರಿಯು ಆಟೋಟ, ಧೈರ್ಯ, ಸತ್ಯನಿಷ್ಠೆಗಳನ್ನು ಅದರ ಲಕ್ಷಣಗಳೆಂದು ಎತ್ತಿಹಿಡಿಯಿತು. ಅದೇ ಆದರ್ಶವು ಆಳರಸರ ಕೈಯಲ್ಲಿ ಅಳತೆಗೋಲೂ ಆಯಿತು. ಮೆಕಾಲೆಯು ವಾರನ್ ಹೇಸ್ಟಿಂಗ್ಸನನ್ನು ಕುರಿತ 1841ರ ಪ್ರಬಂಧದಲ್ಲಿ ಬಂಗಾಳಿಗಳನ್ನು ಪೌರುಷಹೀನರೆಂದು ವರ್ಣಿಸಿದುದು ಸರ್ವವಿದಿತ. ಆದ್ದರಿಂದ ಈ ಪದವು ನಿಷ್ಪಕ್ಷಪಾತವಾದುದೆಂದು ಭಾವಿಸಲಾಗದು.

ಕನ್ನಡದ ‘ಗಂಡ’, ‘ಗಂಡು’ ಶಬ್ದಗಳ ಚರಿತ್ರೆ ಬೇರೆ. ಮಂಗಳೂರಿನಲ್ಲಿ 1894ರಲ್ಲಿ ಪ್ರಕಟವಾದ ಕಿಟ್ಟೆಲರ ನಿಘಂಟಿನಲ್ಲಿ ಬಲ, ಶೌರ್ಯ, ವೀರ, ಪತಿ ಎಂಬ ಅರ್ಥಗಳು ಒಟ್ಟಿಗೆ ದೊರೆಯುತ್ತವೆ. ಬಾರಕೂರು ರಾಜ್ಯವನ್ನೂ ಆಳಿದ ವಿಜಯನಗರದ ಅರಸರು ‘ಭಾಷೆಗೆ ತಪ್ಪುವ ರಾಯರ ಗಂಡ’ ಎಂಬ ಬಿರುದನ್ನು ಧರಿಸಿದ್ದರು. ಕೊಟ್ಟ ಮಾತಿಗೆ ತಪ್ಪುವ ಅರಸರನ್ನು ದಂಡಿಸುವವನು ಎಂಬುದು ಅದರ ತಾತ್ಪರ್ಯ. ಇಲ್ಲಿ ‘ಗಂಡ’ನೆಂಬುದು ಪತಿಯನ್ನಲ್ಲ, ಸಾಮರ್ಥ್ಯವನ್ನು ಸೂಚಿಸುತ್ತದೆ.

ಈ ಸೀಮೆಯ ಸಮಾಜರಚನೆಯೂ ಇದೇ ಎಚ್ಚರವನ್ನು ಬೇಡುತ್ತದೆ. ಇಲ್ಲಿನ ಬಂಟರು, ನಾಡವರು ಮೊದಲಾದವರಲ್ಲಿ ನಡೆದುಬಂದ ಅಳಿಯಸಂತಾನ ಪದ್ಧತಿಯಲ್ಲಿ ಮನೆತನವೂ ಆಸ್ತಿಯೂ ಹೆಣ್ಣಿನ ಮೂಲಕ ಸಾಗುತ್ತಿದ್ದುವು. ಗಂಡನು ಪತಿಯೇ ಹೊರತು ಹೆಂಡತಿಯ ಕುಟುಂಬಕ್ಕೆ ಒಡೆಯನಲ್ಲ. ಅವನ ಅಧಿಕಾರವಿದ್ದುದು ತನ್ನ ತಾಯಿಯ ಮನೆಯಲ್ಲಿ. ಯಜಮಾನನಿರುವಂತೆ ಯಜಮಾನಿತಿಯೂ ಉಂಟು. 1949ರ ಮದರಾಸು ಅಳಿಯಸಂತಾನ ಕಾಯಿದೆಯು ‘ಕವರು’ಗಳಿಗೆ ಪಾಲಿನ ಹಕ್ಕನ್ನಿತ್ತಾಗಲೂ ಆ ಶಾಖೆಗಳನ್ನು ಎಣಿಸಿದುದು ಹೆಣ್ಣಿನ ಸಂತತಿಯಿಂದಲೇ.

ಯಕ್ಷಗಾನದಲ್ಲಿಯೂ ಚೆಂಡೆಯ ಅಬ್ಬರ ಮತ್ತು ವೀರರಸದ ಕುಣಿತಗಳೊಡನೆ ಸ್ತ್ರೀವೇಷಕ್ಕೆ ಗೌರವದ ಸ್ಥಾನವಿದೆ. ತಲೆಮಾರುಗಳ ಕಾಲ ಗಂಡಸರೇ ಸ್ತ್ರೀಪಾತ್ರಗಳಲ್ಲಿ ಕೀರ್ತಿ ಗಳಿಸಿದರು. ಅದರಿಂದ ‘ಗಂಡುಕಲೆ’ಗೆ ಕುಂದೇನೂ ಆಗಲಿಲ್ಲ. ಇಂದು ಸ್ತ್ರೀಯರೂ ರಂಗದ ಮೇಲೆ ವೀರವೇಷ ಧರಿಸುತ್ತಿದ್ದಾರೆ. ‘ಗಂಡು’ ಎಂಬುದು ಓಜಸ್ಸಿನ ಹೆಸರೆಂದು ತಿಳಿದವರಿಗೆ ಇದರಲ್ಲಿ ವಿರೋಧ ಕಾಣದು.

ಆದುದರಿಂದ ‘ಮ್ಯಾನ್ಲಿ’ ಎಂಬ ಒಂದೇ ಪದದಿಂದ ‘ಗಂಡು’ ಶಬ್ದವನ್ನು ಅಳೆದರೆ ಹೆಣ್ಣಿನ ಹೆಸರಿನಲ್ಲಿ ಮನೆತನವನ್ನು ಎಣಿಸಿದ ಒಂದು ಸಮಾಜದ ಚರಿತ್ರೆ ನಮ್ಮ ಕಣ್ಣಿಗೆ ಬೀಳದೆ ಹೋದೀತು. ಶಬ್ದವನ್ನು ಅನುವಾದಿಸುವ ಮುನ್ನ ಅದು ಬಾಳಿದ ಮನೆಯನ್ನು ನೋಡುವುದು ಚರಿತ್ರೆಯ ವಿದ್ಯಾರ್ಥಿಯ ಕರ್ತವ್ಯ.